ಗೇರು ಹಾಕುವ ಕೈ

"ಹೂಂ," ಎಂದರು ವಾಸ್ತುಶಿಲ್ಪಿ, ಕ್ಲಚ್ಚನ್ನು ಒತ್ತಿ. ಪಕ್ಕದಲ್ಲಿ ಕೂತಿದ್ದ ಹೆಂಡತಿ ಗೇರನ್ನು ಎರಡರಿಂದ ಮೂರಕ್ಕೆ ತಳ್ಳಿದರು. ಎರಡು ಬಾಗಿಲಿನ ಆ ಹಳೆಯ ಕಾರು ಒಂದಿಷ್ಟೂ ತೊದಲದೆ ಸೇತುವೆಯನ್ನು ಏರಿತು.

ಮೆಟ್ಟಿಲಿನಿಂದ ಜಾರಿ ಅವರ ಎಡ ಭುಜ ಮುರಿದು ಹನ್ನೊಂದು ವರ್ಷವಾಗಿತ್ತು. ಕೂಡಿಕೊಂಡ ಕೈ ಸ್ಟೀರಿಂಗನ್ನು ಹಿಡಿಯುತ್ತಿತ್ತು, ನಕ್ಷೆಯ ಮೇಲೆ ಅಳತೆಪಟ್ಟಿಯನ್ನು ಒತ್ತಿಕೊಳ್ಳುತ್ತಿತ್ತು. ಗೇರನ್ನು ಮಾತ್ರ ತಳ್ಳಲಾರದು. ಕಾರು ಮಾರಿಬಿಡಿ ಎಂದವರ ಮಾತನ್ನು ಅವರು ಕಿವಿಗೆ ಹಾಕಿಕೊಳ್ಳಲಿಲ್ಲ. ಶಾಲೆಯಲ್ಲಿ ಗಣಿತ ಕಲಿಸಿ ನಿವೃತ್ತರಾಗಿದ್ದ ಹೆಂಡತಿ ಆ ಕೆಲಸವನ್ನು ತಮ್ಮ ಬಲಗೈಗೆ ವಹಿಸಿಕೊಂಡರು. ಕಾಲು ಗಂಡನದು, ಕೈ ಹೆಂಡತಿಯದು. ಮನೆಯಲ್ಲಿ ಇಬ್ಬರೂ ಬೇರೆ ಬೇರೆ ಕೋಣೆಗಳಲ್ಲಿ, ಬೇರೆ ಬೇರೆ ದೀಪಗಳ ಕೆಳಗೆ ಓದುತ್ತ ಕೂರುವವರು. ದಿನಕ್ಕೆ ಹತ್ತು ಮಾತಾಡಿದರೆ ಹೆಚ್ಚು. ಕಾರಿನಲ್ಲಿ ಮಾತ್ರ ಒಂದೇ ಮೈಯಾಗುತ್ತಿದ್ದರು. ತಾನು ಈ ಬಾಳಿನಲ್ಲಿ ಕಟ್ಟಿದ್ದರಲ್ಲಿ ಬಿರುಕು ಬಿಡದೆ ಉಳಿದದ್ದು ಇದೊಂದೇ ಎಂದು ವಾಸ್ತುಶಿಲ್ಪಿಗೆ ಒಳಗೊಳಗೇ ಹೆಮ್ಮೆ.

ಶೋರೂಮಿನಲ್ಲಿ ಅದೇ ಮಾದರಿಯ ಕಾರು ಹೊಸ ರೂಪ ತಾಳಿ ನಿಂತಿತ್ತು. ಹಳೆಯದನ್ನು ಬಿಟ್ಟು ಹೊಸದನ್ನು ಒಯ್ಯಿರಿ ಎಂದು ಅಲ್ಲಿನವರು ಮೂರು ಸಲ ಫೋನ್ ಮಾಡಿದ್ದರು. ವಾಸ್ತುಶಿಲ್ಪಿ ಅದರ ಮುಂದೆ ನಿಂತು ತಲೆ ಓರೆ ಮಾಡಿದರು.

"ಮುಖ ನೋಡೇ ಇದರದ್ದು. ಆಕಳಿಸೋಕೆ ಬಾಯಿ ತೆಗೆದು, ಮುಚ್ಚೋದು ಮರೆತ ಹಾಗಿದೆ."

"ಒಳಗೆ ಗಾಳಿ ಚೆನ್ನಾಗಿ ಹೋಗಲಿ ಅಂತ ಮುಂದಿನ ಜಾಲರಿ ದೊಡ್ಡದು ಮಾಡಿದಾರೆ ಸಾರ್," ಎಂದ, ಆರಡಿ ಮೀರಿದ್ದ ಸೇಲ್ಸ್‌ಮನ್.

"ಗಾಳಿಗೆ ಕಿಟಕಿ ಸಾಕಪ್ಪ. ಹೆಬ್ಬಾಗಿಲು ಯಾಕೆ?"

ಅಷ್ಟರಲ್ಲಿ ಹೆಂಡತಿ ಬಾಗಿಲು ತೆರೆದು ಒಳಗೆ ಬಗ್ಗಿದ್ದರು. ಎರಡು ಸೀಟುಗಳ ನಡುವೆ, ಗೇರಿನ ಕೋಲು ಇರಬೇಕಾದ ಜಾಗದಲ್ಲಿ, ಕಪ್ಪು ಗಾಜಿನಂಥ ನುಣುಪು. "ಗೇರೆಲ್ಲಿ?" ಎಂದರು.

"ಅದು ತನ್ನಷ್ಟಕ್ಕೆ ತಾನೇ ಬೀಳುತ್ತೆ ಮೇಡಂ. ಕ್ಲಚ್ಚೂ ಇಲ್ಲ. ಇನ್ಮೇಲೆ ಸಾರ್ ಒಬ್ರೇ ಎಲ್ಲಿಗೆ ಬೇಕಾದ್ರೂ ಹೋಗಿ ಬರಬಹುದು."

ಈ ಸಂಗತಿ ವಾಸ್ತುಶಿಲ್ಪಿಗೆ ಮೊದಲೇ ಗೊತ್ತಿತ್ತು. ಕಾರಿನ ಆ ಮುಖದಲ್ಲಿ ಅವರು ತಪ್ಪು ಹುಡುಕುತ್ತಿದ್ದುದೂ ಅದಕ್ಕಾಗಿಯೇ. ಒಬ್ಬರೇ ಎಲ್ಲಿಗೆ ಹೋಗುವುದು?

"ಏನಂತೀಯ? ಬೇಡ ಅಲ್ವಾ?"

"ನಿಮ್ಮ ಕಾರು, ನಿಮ್ಮಿಷ್ಟ ರೀ. ಬಂದಿದ್ದಾಯ್ತಲ್ಲ, ಒಂದು ಸುತ್ತು ಹೋಗಿ ನೋಡೋಣ."

ಸೇಲ್ಸ್‌ಮನ್ ಮಂಡಿಯನ್ನು ಗಲ್ಲಕ್ಕೆ ತಾಗಿಸಿಕೊಂಡು ಹಿಂದಿನ ಸೀಟಿನಲ್ಲಿ ಹೇಗೋ ತುರುಕಿಕೊಂಡ.

"ಈ ಸೀಟು ಯಾರಿಗೋಸ್ಕರ ಮಾಡಿದ್ದಪ್ಪ?"

"ಚೀಲಕ್ಕೆ ಸಾರ್," ಎಂದ ಪ್ರಾಮಾಣಿಕವಾಗಿ.

ಕಾರು ನೀರಿನ ಮೇಲೆ ಎಲೆ ಜಾರುವಂತೆ ರಸ್ತೆಗಿಳಿಯಿತು. ವಾಸ್ತುಶಿಲ್ಪಿಯ ಎಡಗಾಲು ಎರಡು ಸಲ ಇಲ್ಲದ ಕ್ಲಚ್ಚಿಗಾಗಿ ತಡಕಾಡಿ, ಬರಿಯ ನೆಲವನ್ನು ಒತ್ತಿ ನಾಚಿಕೊಂಡಿತು. ಹೆಂಡತಿಯ ಬಲಗೈ ಮಡಿಲಲ್ಲಿ ಅಂಗಾತ ಬಿದ್ದಿತ್ತು. ಆಕೆ ಕಿಟಕಿಯತ್ತ ತಿರುಗಿದ್ದರು.

"ರೀ, ನಿಮ್ಮ ಲೈಬ್ರರಿಗೆ ನೀಲಿ ಬಣ್ಣ ಯಾವಾಗ ಹೊಡೆದ್ರು?"

ಆ ರಸ್ತೆಯ ಗ್ರಂಥಾಲಯ ವಾಸ್ತುಶಿಲ್ಪಿ ಕಟ್ಟಿಸಿದ ಮೊದಲ ಕಟ್ಟಡ. ಅದರ ಕಲ್ಲಿನ ಮೈಗೆ ಯಾರೋ ಬಣ್ಣ ಮೆತ್ತಿದ ದಿನ ಅವರಿಗೆ ಊಟ ಸೇರಿರಲಿಲ್ಲ.

"ಏಳು ವರ್ಷ ಆಯ್ತಲ್ಲೇ!"

"ಹೌದಾ? ನಾನು ನೋಡೇ ಇರಲಿಲ್ಲ."

"ವಾರಕ್ಕೆರಡು ಸಲ ಇದೇ ದಾರೀಲಿ ಹೋಗ್ತೀವಿ. ಏನು ನೋಡ್ತಿದ್ದೆ ಮತ್ತೆ?"

"ನಿಮ್ಮ ಕಾಲು," ಎಂದರು ಹೆಂಡತಿ. ದೂರೇನೂ ಇರಲಿಲ್ಲ ಆ ದನಿಯಲ್ಲಿ; ಲೆಕ್ಕದ ಉತ್ತರವನ್ನು ಹೇಳಿದ ಹಾಗಿತ್ತು. "ಕಾಲು ನೋಡ್ತಾ, ಇಂಜಿನ್ ಸದ್ದು ಕೇಳ್ತಾ ಕೂತ್ಕೊಂಡ್ರೆ ದಾರಿ ಎಲ್ಲಿ ಕಾಣುತ್ತೆ?"

ಹಿಂದಿನಿಂದ ಸೇಲ್ಸ್‌ಮನ್ ಸೀಟು ಬೆಚ್ಚಗಾಗುವ ಬಗೆಯನ್ನೂ ದೀಪ ತಾನಾಗಿ ತಗ್ಗುವ ಬಗೆಯನ್ನೂ ವರ್ಣಿಸುತ್ತಿದ್ದ. ಸಾಲುಮರಗಳ ರಸ್ತೆ ಬಂತು. ಹೆಂಡತಿಗೆ ಏನೋ ಹೇಳಬೇಕೆಂದು ವಾಸ್ತುಶಿಲ್ಪಿಗೆ ಅನಿಸಿತು. ಪದಕ್ಕಾಗಿ ತಡವರಿಸಿ, ಕೊನೆಗೆ "ಅಲ್ವೇ…" ಎಂದು ಎಡಕ್ಕೆ ತಿರುಗಿದರು.

ಆಕೆ ನಿದ್ದೆ ಹೋಗಿದ್ದರು. ತಲೆ ಕಿಟಕಿಯ ಕಡೆ ವಾಲಿತ್ತು, ಬಾಯಿ ಕೂದಲೆಳೆಯಷ್ಟು ತೆರೆದಿತ್ತು, ಮರಗಳ ನೆರಳು ಒಂದೊಂದಾಗಿ ಮುಖದ ಮೇಲೆ ಹಾದುಹೋಗುತ್ತಿತ್ತು. ಮದುವೆಯಾದ ಹೊಸತರಲ್ಲಿ, ಕಾರು ಬೀದಿ ದಾಟುವುದರೊಳಗೆ ಈಕೆಗೆ ಜೊಂಪು ಹತ್ತುತ್ತಿತ್ತು. 'ನಿನ್ನನ್ನ ಕೂರಿಸಿಕೊಳ್ಳೋದೂ ಒಂದೇ, ತಲೆದಿಂಬು ಕೂರಿಸಿಕೊಳ್ಳೋದೂ ಒಂದೇ' ಎಂದು ತಾವೇ ಛೇಡಿಸುತ್ತಿದ್ದುದು ವಾಸ್ತುಶಿಲ್ಪಿಗೆ ನೆನಪಾಯಿತು. ಆ ನಿದ್ದೆ ಯಾವಾಗ ನಿಂತಿತೆಂಬುದನ್ನು ಅವರು ಗಮನಿಸಿಯೇ ಇರಲಿಲ್ಲ.

ಶೋರೂಮಿನ ಗಾಜಿನ ಗೋಡೆ ಎದುರಾಯಿತು, ಪಕ್ಕಕ್ಕೆ ಸರಿಯಿತು, ಕನ್ನಡಿಯೊಳಗೆ ಸಣ್ಣದಾಯಿತು.

"ಸಾರ್, ಶೋರೂಮ್ ಹಿಂದೆ ಹೋಯ್ತು!" ಎಂದ ಸೇಲ್ಸ್‌ಮನ್, ಮಂಡಿಗಳ ನಡುವಿನಿಂದ.

"ಮೆಲ್ಲಗೆ ಮಾತಾಡಪ್ಪ. ಇನ್ನೊಂದು ಸುತ್ತು ಹೋಗೋಣ."

ನಾಲ್ಕೇ ಸೆಕೆಂಡಿನಲ್ಲಿ ನೂರರ ವೇಗ ಮುಟ್ಟಬಲ್ಲ ಆ ಕಾರನ್ನು ಸೈಕಲ್ಲಿನವನೊಬ್ಬ ನಿಧಾನವಾಗಿ ಹಿಂದೆ ಹಾಕಿದ. ತಿರುಗಿ ನೋಡಿ ಬೆಲ್ ಬಾರಿಸಲು ಹೆಬ್ಬೆರಳೆತ್ತಿದವನು, ಕಿಟಕಿಯೊಳಗಿನ ಮುಖವನ್ನು ಕಂಡು, ಬಾರಿಸದೆ ಮುಂದೆ ಹೋದ.