ಪಿಯಾನೋ ಹಲಗೆಯ ತೊಟ್ಟಿಲು

ಪುಣೆ, ೩ ಮಾರ್ಚ್ ೧೯೪೬, ರವಿವಾರ, ಸಂಜೆ ನಾಲ್ಕು. ಪಕ್ಕದ ಮನೆಯವರು ಬಾಗಿಲಿಗೆ ಪಾಲಿಶ್ ಹಚ್ಚಿಸುತ್ತಿದ್ದಾರೆ. ಆ ವಾಸನೆಗೆ ನನ್ನ ಏಳನೆಯ ವರ್ಷದ ಒಂದು ಮಧ್ಯಾಹ್ನ ನೆನಪಾಯಿತು.

ಆಗ ತಮ್ಮ ಹುಟ್ಟಿದ್ದ. ಅಪ್ಪ ದಂಡಿನ ಕ್ಯಾಂಪಿನ ಲಿಲಾವಿನಲ್ಲಿ ಸವಾಲು ಕೂಗಿ ಹಾಳಾದ ಪಿಯಾನೋ ಕೊಂಡು ತಂದರು. ತುಕ್ಕು ಹಿಡಿದ ತಂತಿ ಗುಜರಿಗೆ ಹೋಯಿತು. ಕನ್ನಡಿಯಂಥ ಕರಿ ಹಲಗೆಗಳಿಂದ ಬಡಗಿ ತಮ್ಮನಿಗೆ ತೊಟ್ಟಿಲು ಮಾಡಿದ.

"ಅಜ್ಜಿ, ನನ್ನ ತೊಟ್ಟಿಲಾ ಎಲ್ಲಿ ಅದ?"

"ನಿನಗೆಲ್ಲೀದವ್ವಾ? ನನ್ನ ಹಳೇ ಸೀರಿ ಜೋಳಿಗಿಯೊಳಗ ಮಲಗತಿದ್ದಿ. ಹೆಣ್ಣುಕೂಸಿಗೆ ಅಷ್ಟು ಸಾಕು."

ಎಲ್ಲರೂ ಊಟಕ್ಕೆ ಕೂತಾಗ ನಾನು ತೊಟ್ಟಿಲೊಳಗೆ ಮುದುಡಿ ಮಲಗಿದೆ. ಹಲಗೆ ತಣ್ಣಗೆ, ನುಣ್ಣಗೆ ಕೆನ್ನೆಗೆ ತಾಗಿತು; ಇದೇ ಪಾಲಿಶ್ ವಾಸನೆ ಮೂಗಿಗೆ ಬಂತು.

"ಏ ಎಮ್ಮಿ! ಇಳಿ ಕೆಳಗ!" ಎಂದು ಅಜ್ಜಿ ರಟ್ಟೆ ಹಿಡಿದು ಎಳೆದಳು.

ಮುಂದೆ ಆ ತೊಟ್ಟಿಲು ಬಾಣಂತಿಯರಿದ್ದ ನೆಂಟರ ಮನೆಗಳಿಗೆಲ್ಲ ಹೋಯಿತು. ಈಗ ಯಾರಲ್ಲಿದೆಯೋ, ಈ ಪತ್ರ ಓದಿದ ನೆಂಟರಲ್ಲಿ ಬಲ್ಲವರು ದಯವಿಟ್ಟು ಬೇಗ ಬರೆದು ತಿಳಿಸಿರಿ. ಬರುವ ಶುಕ್ರವಾರ ನನ್ನ ಮಗಳಿಗೆ ಹೆಸರಿಡುತ್ತೇವೆ.