ಎಪ್ಪತ್ತೆರಡು ಮೆಟ್ಟಿಲು

ಸೂಜಿ ಮಂಡಿಯೊಳಗೆ ಇಳಿಯುವಾಗಲೂ ಕಂಡಕ್ಟರಮ್ಮ ಕಣ್ಣು ಮುಚ್ಚಲಿಲ್ಲ. ಮೂವತ್ತೊಂದು ವರ್ಷ ಓಡುವ ಬಸ್ಸಿನಲ್ಲಿ ನಿಂತೇ ಟಿಕೆಟ್ ಕೊಟ್ಟವಳು. ಸವೆದದ್ದು ಮಂಡಿ ಮಾತ್ರ, ನಾಲಿಗೆಯಲ್ಲ.

"ಇದು ಸ್ಟಿರಾಯ್ಡ್," ಎಂದರು ಡಾಕ್ಟರು. "ಎರಡು ಮೂರು ದಿನದಲ್ಲಿ ನೋವು ಇಳಿಯುತ್ತೆ. ಸವೆದದ್ದು ಮತ್ತೆ ಬೆಳೆಯಲ್ಲ. ಕೆಲವು ವಾರದ ಆರಾಮ, ಅಷ್ಟೇ. ಮೂರು ತಿಂಗಳಾಗೋ ತನಕ ಇನ್ನೊಂದು ಕೇಳಬೇಡಿ, ನಾನು ಕೊಡಲ್ಲ."

"ಕೆಲವು ವಾರ ಯಾಕೆ ಡಾಕ್ಟ್ರೇ? ಬರೋ ಗುರುವಾರ ಒಂದು ದಿನ ಸಾಕು."

ಪಕ್ಕದಲ್ಲಿದ್ದ ಮಗಳು ಹಣೆ ಚಚ್ಚಿಕೊಂಡಳು. ಅವಳ ತಲೆನೋವೇ ಗುರುವಾರ.

ಕಂಡಕ್ಟರಮ್ಮನ ಮನೆ ನಾಲ್ಕನೆಯ ಮಹಡಿಯಲ್ಲಿ. ಎಪ್ಪತ್ತೆರಡು ಮೆಟ್ಟಿಲು. ಲಿಫ್ಟಿಗೆಂದು ಬಿಟ್ಟ ಜಾಗದಲ್ಲಿ ನಿವಾಸಿಗಳ ಸಂಘದ ಮುರಿದ ಕುರ್ಚಿಗಳು ತುಂಬಿದ್ದವು. ಲಿಫ್ಟ್ ಹಾಕಿಸಿ ಎಂದು ಅವಳು ಸಂಘಕ್ಕೆ ದೂರು ಕೊಟ್ಟಿದ್ದಳು. ನಿಯಮದ ಪ್ರಕಾರ ಸೆಕ್ರೆಟರಿಯೇ ದೂರುದಾರರ ಜೊತೆ ಕೆಳಗಿನಿಂದ ಬಾಗಿಲವರೆಗೆ ಹತ್ತಬೇಕು, ಕಂಡದ್ದನ್ನು ಸ್ಥಳದಲ್ಲೇ ಬರೆದು ಸಹಿ ಹಾಕಬೇಕು. ಮೂರು ಸಲವೂ ಬೇಡವೆಂದು ಬರೆದರೆ ಫೈಲು ಮುಚ್ಚಿದಂತೆ. ಎರಡು ಸಲ ಆಗಿಹೋಗಿತ್ತು, ಮೂರನೆಯದು ಬರುವ ಗುರುವಾರ.

ಆ ಎರಡು ಸಲವೂ ಅವಳು ಪ್ರತಿ ಮಹಡಿಯಲ್ಲಿ ಮಂಡಿ ಹಿಡಿದು ಕೂತಿದ್ದಳು. ಸೆಕ್ರೆಟರಿ ಮರ್ಯಾದಸ್ಥರು. ಅವಳು ಕೂತಾಗಲೆಲ್ಲ ತಾವೂ ಪಕ್ಕದಲ್ಲಿ ಕೂತು ಹವಾಮಾನದಿಂದ ಹಿಡಿದು ತಮ್ಮ ಹಲ್ಲುನೋವಿನವರೆಗೆ ಹರಟಿದರು. ಮೇಲೆ ಬಂದ ಮೇಲೆ ಅಂದವಾದ ಅಕ್ಷರದಲ್ಲಿ ಬರೆದರು: "ಮೆಟ್ಟಿಲುಗಳು ಆರಾಮವಾಗಿವೆ. ತೊಂದರೆ ದೂರುದಾರರ ವೈಯಕ್ತಿಕ ಮಂಡಿಯದು."

ವೈಯಕ್ತಿಕ ಮಂಡಿ! ಆ ಮಾತು ಕಂಡಕ್ಟರಮ್ಮನನ್ನು ಸೂಜಿಗಿಂತ ಆಳಕ್ಕೆ ಚುಚ್ಚಿತ್ತು.

ಆಸ್ಪತ್ರೆಯಿಂದ ಮರಳುವಾಗ ಮಗಳು ತಡೆದುಕೊಳ್ಳಲಿಲ್ಲ. "ಅಮ್ಮ, ನೀನು ಕುಂಟಿಕೊಂಡು ಹತ್ತಿದಾಗಲೇ ಆ ಮನುಷ್ಯ ಕರಗಲಿಲ್ಲ. ಈಗ ಸಲೀಸಾಗಿ ಹತ್ತಿ ತೋರಿಸಿದ್ರೆ ಲಿಫ್ಟ್ ಹಾಕಿಸ್ತಾರಾ? ನಿನ್ನ ಕಾಲ ಮೇಲೆ ನೀನೇ ಕಲ್ಲು ಎತ್ತಿ ಹಾಕ್ಕೊತಿದ್ದೀಯ."

"ಕುಂಟಿದ್ದನ್ನ ಎರಡು ಸಲ ತೋರಿಸಿ ಆಯ್ತು. ಇನ್ನು ತೋರಿಸಲ್ಲ."

"ಬರೀ ಹಟ."

"ಹಟ ಅಂತಲೇ ಇಟ್ಕೋ."

"ಸರಿ. ಫೈಲು ಮುಚ್ಚಿದ್ರೆ ನೀನು ನನ್ನ ಮನೆಗೆ ಬರಬೇಕು. ಮಾತು ಕೊಟ್ಟಿದ್ದೀಯ."

ಕೊಟ್ಟಿದ್ದಳು, ನಿಜ. ಮಗಳ ಮನೆಯಲ್ಲಿ ಕೆಟ್ಟವರು ಯಾರೂ ಇಲ್ಲ, ಮೆಟ್ಟಿಲೂ ಇಲ್ಲ. ಆದರೆ ಈ ಮನೆ ಅವಳದೇ ದುಡಿಮೆಯದು. ಇದರ ಬಾಲ್ಕನಿಯಲ್ಲಿ ನಿಂತರೆ ಅವಳ ಹಳೆಯ ರೂಟಿನ ಬಸ್ಸು ಕಾಣುತ್ತಿತ್ತು. ಅದು ಎಷ್ಟು ನಿಮಿಷ ತಡವಾಯಿತೆಂದು ಲೆಕ್ಕ ಹಾಕಿ ಇಲ್ಲಿಂದಲೇ ಬೈಯಬಹುದಿತ್ತು. ನೆಲಮಹಡಿಯ ಸೆಕ್ರೆಟರಿ ಕಚೇರಿಗೆ ಹೊರಡುವುದೂ ಅಲ್ಲಿಂದ ಕಾಣುತ್ತಿತ್ತು. ಬಾಗಿಲಿನಿಂದ ಕಾರಿಗೆ ಹನ್ನೊಂದು ಹೆಜ್ಜೆ. ಎಣಿಸುವ ಚಾಳಿ ಅವಳನ್ನು ಬಿಟ್ಟಿರಲಿಲ್ಲ.

ಗುರುವಾರ ಬೆಳಿಗ್ಗೆ ಮಗಳು ಖಾಲಿ ಸೂಟ್‌ಕೇಸಿನೊಂದಿಗೆ ಬಂದಳು. ತಾಯಿ ನೀರಿನ ಬಾಟಲಿ ತುಂಬಿಸುತ್ತಿದ್ದಳು. ಮಗಳಿಗೆ ವಿಚಿತ್ರವೆನಿಸಿತು. ಡ್ಯೂಟಿಯ ಕಾಲದಿಂದಲೂ ಅಮ್ಮ ಮನೆ ಬಿಟ್ಟ ಮೇಲೆ ಒಂದು ಗುಟುಕು ನೀರು ಕುಡಿದವಳಲ್ಲ.

ಕೆಳಗೆ ಸೆಕ್ರೆಟರಿ ಫೈಲು ಹಿಡಿದು ಕಾಯುತ್ತಿದ್ದರು. "ಏನಮ್ಮ, ಇವತ್ತು ಮುಖದಲ್ಲಿ ಕಳೆ ಇದೆ?"

"ಮಂಡಿಗೆ ಇಂಜೆಕ್ಷನ್ ಹಾಕಿಸ್ಕೊಂಡೆ ಸಾರ್. ಪದೇ ಪದೇ ನಿಮ್ಮನ್ನ ಕಾಯಿಸೋದು ಸರಿಯಲ್ಲ."

"ಛೆ ಛೆ, ನಿಧಾನಕ್ಕೇ ಹತ್ತಿ. ನನಗೇನೂ ಅವಸರ ಇಲ್ಲ."

"ನಿಧಾನ ಎರಡು ಸಲ ಆಯ್ತಲ್ಲ ಸಾರ್," ಎಂದು ಅವಳು ಹೊರಟೇಬಿಟ್ಟಳು.

ಮೊದಲ ಮಹಡಿ ಬಂತು. ತಾನು ಕೂರುತ್ತಿದ್ದ ಜಾಗವನ್ನು ಅವಳು ತಿರುಗಿಯೂ ನೋಡಲಿಲ್ಲ. ಸೆಕ್ರೆಟರಿಗೆ ಖುಷಿಯೋ ಖುಷಿ. "ನೋಡಿ, ಎಷ್ಟು ಚೆನ್ನಾಗಿ ಹತ್ತುತ್ತೀರಿ! ನಿಮಗೆ ಲಿಫ್ಟ್ ಯಾಕೆ ಹೇಳಿ?"

"ಅದಿರಲಿ ಸಾರ್, ನಿಮ್ಮ ಹಲ್ಲುನೋವಿನ ಕಥೆ ಅರ್ಧಕ್ಕೇ ನಿಂತಿತ್ತು. ಹೇಳ್ತಾ ಬನ್ನಿ."

ಮೇಲೆ, ತೆರೆದ ಬಾಗಿಲಲ್ಲಿ ನಿಂತ ಮಗಳಿಗೆ ತಾಯಿಯ ಹೆಜ್ಜೆ ಕೇಳುತ್ತಿತ್ತು. ಎರಡನೆಯ ಮಹಡಿಯಲ್ಲಿ ನಿಲ್ಲಲಿಲ್ಲ. ಆಮೇಲೆ ತುಸು ತಡೆದು ಮತ್ತೆ ಹೊರಟಿತು, ಮೂರನೆಯ ಮಹಡಿಯಲ್ಲೂ ನಿಲ್ಲಲಿಲ್ಲ. ಮುಗಿಯಿತು ಎಂದುಕೊಂಡಳು. ಒಳಗೆ ಹೋಗಿ ಸೂಟ್‌ಕೇಸ್ ತೆರೆದು ಅಮ್ಮನ ಸೀರೆಗಳನ್ನು ಒಂದೊಂದಾಗಿ ಮಡಿಸಿ ಇಡತೊಡಗಿದಳು. ಗೆದ್ದ ಖುಷಿ ಅವಳಿಗೂ ಆಗಲಿಲ್ಲ, ಅಳುವೇ ಬಂತು.

ಕಂಡಕ್ಟರಮ್ಮ ಒಬ್ಬಳೇ ಒಳಗೆ ಬಂದಳು. ಕೈಯಲ್ಲಿ ಬಾಟಲಿ ಇರಲಿಲ್ಲ, ಒಂದು ಹಾಳೆ ಇತ್ತು.

"ಅವರೆಲ್ಲಿ?"

"ಬರಲ್ಲ. ಬರೆದು ಕೊಟ್ಟಿದ್ದಾರೆ, ಓದು."

ಮಗಳು ಓದಿದಳು. "ದೂರುದಾರರು ಎಲ್ಲೂ ಕೂರದೆ ಸಲೀಸಾಗಿ ಹತ್ತಿದರು." ಕೆಳಗಿನ ಸಾಲಿನ ಅಕ್ಷರ ಸೊಟ್ಟಸೊಟ್ಟಗಿತ್ತು: "ಆದರೆ ಇವು ಮನುಷ್ಯರು ಹತ್ತುವ ಮೆಟ್ಟಿಲುಗಳಲ್ಲ. ಲಿಫ್ಟ್ ಕೂಡಲೇ ಆಗಬೇಕು." ಅದರ ಕೆಳಗೆ ಸಹಿ.

"ಅಮ್ಮ, ಏನು ಮಾಡಿದೆ ಅವರಿಗೆ?"

"ನಾನೇನೂ ಮಾಡಿಲ್ಲ ಕಣೇ. ಹಿಂದೆ ಎರಡು ಸಲ ಸ್ಟಾಪಿಗೊಂದು ಸಲ ಕೂರಿಸಿ ಕರ್ಕೊಂಡು ಬಂದಿದ್ದೆ. ಇವತ್ತು ನಾನ್‌ಸ್ಟಾಪ್." ಕಂಡಕ್ಟರಮ್ಮ ಸೂಟ್‌ಕೇಸಿನಿಂದ ತನ್ನ ಸೀರೆಗಳನ್ನು ಎತ್ತಿಕೊಂಡಳು. "ಇನ್ನೂ ಒಂದು ಸಾಲಿದೆ ನೋಡು."

ಹಾಳೆಯ ತಳದಲ್ಲಿ, ಹಿಂದಿನ ಎರಡು ಸಲ "ದೂರುದಾರರ ಬಾಗಿಲು" ಎಂದಿದ್ದ ಕಡೆ, ಸೆಕ್ರೆಟರಿ ಬರೆದಿದ್ದರು: "ವರದಿ ಬರೆದ ಸ್ಥಳ: ನಲವತ್ತೊಂದನೆಯ ಮೆಟ್ಟಿಲು, ಕೂತಲ್ಲೇ."