ಹತ್ತು ನಿಮಿಷದ ಪದಬಂಧ

ಮಾರ್ಚ್ ಹನ್ನೊಂದು, ಮಂಗಳವಾರ, ಬೆಳಿಗ್ಗೆ ಹತ್ತು ಗಂಟೆ ಮೂವತ್ತೆಂಟು ನಿಮಿಷಕ್ಕೆ, ನಾಲ್ಕು ತಿಂಗಳ ಹಿಂದೆ ನಿವೃತ್ತರಾಗಿದ್ದ ಹಿರಿಯ ಟೆಕ್ನಿಷಿಯನ್, ಆಸ್ಪತ್ರೆಯ ರಕ್ತಪರೀಕ್ಷೆಯ ಕಿಟಕಿಯ ಮುಂದೆ ಅಂಗಿಯ ತೋಳು ಮಡಚಿಕೊಂಡು ನಿಂತರು. ಕೈಯಲ್ಲಿ ಹನ್ನೆರಡನೇ ನಂಬರಿನ ಟೋಕನ್ ಇತ್ತು. ಕಿಟಕಿಯ ಆಚೆ ಕೂತಿದ್ದವಳು ಅವರ ಕೈಕೆಳಗೇ ಪಳಗಿದವಳು.

“ಹೋದ ವಾರ ಹಿಮೋಗ್ಲೋಬಿನ್, ಅದರ ಹಿಂದಿನ ವಾರ ಥೈರಾಯ್ಡ್. ಇವತ್ತೇನು ಸಾರ್?”

“ಶುಗರ್. ನಿನ್ನೆ ಎಂಟಕ್ಕೆ ಊಟ ಮಾಡಿದ್ದು. ಆಮೇಲೆ ಬರೀ ನೀರು.”

“ಪದಬಂಧಕ್ಕೋಸ್ಕರ ಉಪವಾಸ ಬಿದ್ದೋರನ್ನ ಇವತ್ತೇ ನೋಡಿದ್ದು. ಒಳಗೇ ಬನ್ನಿ ಸಾರ್, ನಿಮ್ಮ ಕುರ್ಚಿ ಖಾಲಿ ಇದೆ.”

“ಸಿಬ್ಬಂದಿಗೆ ಮಾತ್ರ ಅಂತ ಬಾಗಿಲ ಮೇಲೆ ಬರೆದಿದೆಯಲ್ಲಮ್ಮ.”

“ಬರೆದು ಅಂಟಿಸಿದ್ದು ನೀವೇ.”

“ಅದಕ್ಕೇ ಬರಲ್ಲ.”

ಅವಳು ರಕ್ತ ತೆಗೆದು, ಹತ್ತಿ ಒತ್ತಿ ಹಿಡಿಯಲು ಹೇಳಿ, ಕೊಳವೆಯನ್ನು ಯಂತ್ರದೊಳಗಿಟ್ಟು ಗುಂಡಿ ಅದುಮಿದಳು. ರಕ್ತವನ್ನು ಗಿರಗಿರನೆ ತಿರುಗಿಸಿ ತಿಳಿಯೇ ಬೇರೆ, ಗಷ್ಟೇ ಬೇರೆ ಮಾಡಲು ಆ ಯಂತ್ರಕ್ಕೆ ಹತ್ತು ನಿಮಿಷ ಬೇಕು. ಅಷ್ಟರಲ್ಲಿ ಅಂದಿನ ಪತ್ರಿಕೆಯ ಗೂಢ ಪದಬಂಧ ಮುಗಿಯಬೇಕು. ಯಂತ್ರ ನಿಂತರೆ ಪೆನ್ನೂ ನಿಲ್ಲಬೇಕು. ಇಪ್ಪತ್ತೆರಡು ವರ್ಷ ಆ ಕೋಣೆಯಲ್ಲಿ ನಡೆದುಬಂದ ಪದ್ಧತಿ ಅದು. ಮನೆಯಲ್ಲಿ ಅವರು ಒಬ್ಬರೇ ಅದನ್ನು ಆರು ನಿಮಿಷಕ್ಕೆ ತುಂಬಿಬಿಡುತ್ತಿದ್ದರು. ತುಂಬಿ, “ನೋಡಿದಿರಾ?” ಎನ್ನಲು ತಲೆ ಎತ್ತಿದರೆ ಎದುರಿಗೆ ಫ್ರಿಜ್ಜು ಇರುತ್ತಿತ್ತು. ಮೂರು ವಾರಗಳಿಂದ ಮಂಗಳವಾರದ ಪತ್ರಿಕೆಯನ್ನು ಮನೆಯಲ್ಲಿ ಬಿಚ್ಚದೆ ಇಟ್ಟು ಬರುತ್ತಿದ್ದರು.

ಪಕ್ಕದ ಕೋಣೆಯಿಂದ ಎಕ್ಸ್-ರೇ ತೆಗೆಯುವವನು ಬಂದು ಸ್ಟೂಲು ಎಳೆದುಕೊಂಡ. ಅವನನ್ನು ಎಲ್ಲರೂ ಕರೆಯುವುದು ಕತ್ತಲೆರಾಯ ಎಂದೇ. ಕಿಟಕಿಯ ಆಚೆಗೂ ಕೇಳುವಂತೆ ಓದಿದ: “ಬೇಡನ ತಲೆಯ ಪಕ್ಕ ಕೊರಳ ಒಡವೆ, ಹೊತ್ತೇ ಹೋಗದು. ಮೂರಕ್ಷರ.”

“ಕಾಡು ಅಂತೇನಾದ್ರೂ?” ಎಂದಳು ಅವಳು.

“ಮೂರು ಅಂದೆ. ರಕ್ತಕಣ ಹೇಗೆ ಎಣಿಸ್ತೀಯೋ ನೀನು.”

ಕಿಟಕಿಯ ಕಡೆಯಿಂದ ಕೆಮ್ಮು ಕೇಳಿಸಿತು. “ಬೇಟೆಗೆ ಹೋಗ್ಬೇಡಿ. ಬೇಡನ ತಲೆ ಅಂದ್ರೆ ಆ ಪದದ ಮೊದಲ ಅಕ್ಷರ.”

“ಬೇ. ಕೊರಳಿಗೆ... ಸರ. ಬೇಸರ.” ಕತ್ತಲೆರಾಯ ಮೇಜು ಗುದ್ದಿದ. “ಥೂ, ಎದುರಿಗೇ ಇತ್ತಲ್ಲ ಸಾರ್.”

ಮೂವರೂ ನಕ್ಕರು. ಹತ್ತಿಯ ಮೇಲಿದ್ದ ಬೆರಳು ಯಾವಾಗಲೋ ಜಾರಿತ್ತು. ಹದಿಮೂರನೇ ಟೋಕನ್ನಿನವರು ಹಿಂದಿನಿಂದ, “ಆಯ್ತಾ ಯಜಮಾನ್ರೇ?” ಎಂದರು. “ನಂದು ಸ್ವಲ್ಪ ಕಗ್ಗಂಟಿನ ಕೇಸು” ಎಂದು ಇವರು ಕಿಟಕಿಗೆ ಇನ್ನಷ್ಟು ಒತ್ತಿ ನಿಂತರು.

ಯಂತ್ರ ನಿಂತಾಗ ಇನ್ನೂ ಎರಡು ಪದ ಉಳಿದಿದ್ದವು. ಕತ್ತಲೆರಾಯ ಪೆನ್ನು ಕೆಳಗಿಟ್ಟ.

“ನಿಮ್ಮ ಮೈಯಲ್ಲಿ ಇನ್ನು ನೋಡೋಕೆ ಏನೂ ಉಳಿದಿಲ್ಲ ಸಾರ್,” ಎಂದಳು ಅವಳು, ತಗ್ಗಿದ ದನಿಯಲ್ಲಿ. “ಇದೊಂದೇ.”

“ನೂರು ದಾಟಿದ್ರೆ ಮುಂದಿನ ವಾರ ಮತ್ತೆ ನೋಡ್ಬೇಕಾಗತ್ತೆ, ಅಲ್ವಾ?”

“ದಾಟಿದ್ರೆ ನೋಡ್ಲೇಬೇಕು.”

ಅವಳು ತಿಳಿಯನ್ನು ಇನ್ನೊಂದು ಯಂತ್ರಕ್ಕೆ ಹಾಕಿದಳು. ಅವರು ಕಿಟಕಿಯ ಅಂಚು ಹಿಡಿದು ಕಾದರು. ಕತ್ತಲೆರಾಯ ಪತ್ರಿಕೆ ಮಡಚಿದನಾದರೂ ಏಳಲಿಲ್ಲ. ಅಂಕಿ ಮೂಡಿತು. ಅವಳು ಅದನ್ನು ಅಳಿಸಿ ಮತ್ತೊಮ್ಮೆ ಪರೀಕ್ಷೆ ನಡೆಸಿದಳು. ಎರಡನೆಯ ಸಲವೂ ಅದೇ ಬಂತು. ಅವಳ ಪೆನ್ನು ಕಾಗದದ ಮೇಲೆ ತುಸು ಹೊತ್ತು ತಡೆಯಿತು. ಆಮೇಲೆ ಬರೆದು, ಅವರ ಮುಖ ನೋಡದೆ, ಚೀಟಿಯನ್ನು ಕಿಟಕಿಯಿಂದ ಆಚೆ ಸರಿಸಿದಳು.

ಒಂದು ಡೆಸಿಲೀಟರಿಗೆ ತೊಂಬತ್ತೆರಡು ಮಿಲಿಗ್ರಾಂ.